ಕೊಡಿಗೇಹಳ್ಳಿ ಗೇಟ್ ದಾಟೋಕೆ ಹದಿನಾರು ವರ್ಷ

ಇವತ್ತು ರಾಜಕೀಯ ಬೇಡ. ಒಂದು ದಿನ ವಿಧಾನಸೌಧಕ್ಕೆ ರಜೆ ಕೊಡೋಣ. ಇವತ್ತು ನಾನು ನಿಮಗೆ ಒಂದು ಟೀ ಅಂಗಡಿ ಕತೆ ಹೇಳಬೇಕು.

ಕೊಡಿಗೇಹಳ್ಳಿ ಗೇಟ್ ಗೊತ್ತಲ್ಲ? ಹೆಬ್ಬಾಳ ದಾಟಿ ಏರ್‌ಪೋರ್ಟ್ ಕಡೆ ಹೋಗುವಾಗ ಸಿಗುತ್ತೆ. ಮೇಲಿನ ಫ್ಲೈಓವರ್‌ನಲ್ಲಿ ಹೋಗೋರಿಗೆ ಕೊಡಿಗೇಹಳ್ಳಿ ಅಂತ ಒಂದು ಊರಿದೆ ಅನ್ನೋದೇ ಕಾಣಲ್ಲ. ಕೆಳಗಡೆ ಸರ್ವೀಸ್ ರಸ್ತೆಯಲ್ಲಿ ಹೋಗೋರಿಗೆ ಅದು ಚೆನ್ನಾಗಿ ಗೊತ್ತು, ಯಾಕಂದ್ರೆ ಅಲ್ಲಿ ನಿಲ್ಲಲೇಬೇಕು. ಆ ಕಡೆ ನಾನು ಬೆಳಗ್ಗೆ ವಾಕಿಂಗ್ ಮುಗಿಸಿ ಟೀ ಕುಡಿಯೋ ಒಂದು ಸಣ್ಣ ಅಂಗಡಿ ಇದೆ. ಗೋಡೆಗೆ ಒಂದು ಟಿವಿ. 2024ರ ಆಗಸ್ಟ್ ಕೊನೇ ವಾರ. ಪರಪ್ಪನ ಅಗ್ರಹಾರ ಜೈಲಿನಲ್ಲಿ ನಟರೊಬ್ಬರು ಕುರ್ಚಿ ಹಾಕ್ಕೊಂಡು, ಕೈಯಲ್ಲಿ ಸಿಗರೇಟು, ಕಾಫಿ ಮಗ್ ಹಿಡ್ಕೊಂಡು ಕೂತಿದ್ದ ಆ ಫೋಟೊ ನಿಮಗೆ ನೆನಪಿರಬೇಕು. ಮರೆಯೋಕೆ ನಾವೆಲ್ಲಿ ಬಿಟ್ವಿ? ಅವತ್ತು ಬೆಳಗ್ಗೆ ಅಂಗಡಿ ಟಿವಿಯಲ್ಲಿ ಹಿಂದಿನ ರಾತ್ರಿ ಕಾರ್ಯಕ್ರಮದ ಮರುಪ್ರಸಾರ. ತೆರೆ ಮೇಲೆ ನಾನೇ ಕೂಗ್ತಾ ಇದ್ದೇನೆ: 'ಇದು ಜೈಲಾ? ರೆಸಾರ್ಟಾ?'

ಟೀ ಕೊಡೋ ಮನುಷ್ಯ ಲೋಟ ಇಟ್ಟು, ಟಿವಿ ನೋಡಿ, ನನ್ನ ಮುಖ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು. 'ಆ ಜಾಗ ನಂಗೊತ್ತು ಸಾರ್. ನಾನಿದ್ದ ಹದಿನಾರು ವರ್ಷದಲ್ಲಿ ಅಲ್ಲೊಂದು ಕುರ್ಚಿ ನಂಗೆ ಸಿಕ್ಕಿರಲಿಲ್ಲ.'

ಅಲ್ಲಿಂದ ನಮ್ಮ ಪರಿಚಯ.

2006ರಲ್ಲಿ ಒಳಗೆ ಹೋದವರು. ಆಗ ಅವರಿಗೆ ಇಪ್ಪತ್ತೇಳು. ಸೈಟಿನ ಗಡಿ ಜಗಳ, ಸಂಜೆ ಹೊತ್ತು, ಕುಡಿದಿದ್ದರು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಪಕ್ಕದ ಮನೆ ಮನುಷ್ಯ ಸತ್ತ. ಕೊಲೆ ಕೇಸು, ಜೀವಾವಧಿ ಶಿಕ್ಷೆ. ನಾನಿದನ್ನ ಮುಚ್ಚಿಟ್ಟು ಕತೆ ಹೇಳ್ತಿಲ್ಲ. ಅವರೂ ಮುಚ್ಚಿಡಲಿಲ್ಲ. 'ತಪ್ಪಾಯ್ತು ಅಂತ ಹೇಳಿದ್ರೆ ಆ ಮನುಷ್ಯ ಎದ್ದು ಬರ್ತಾನಾ ಸಾರ್' ಅಂದರು, ಅಷ್ಟೆ. 2022ರಲ್ಲಿ ಸನ್ನಡತೆ ಮೇಲೆ ಬಿಡುಗಡೆ. ಮಧ್ಯದಲ್ಲಿ ಪೆರೋಲ್ ಮೇಲೆ ಒಂದೇ ಸಲ ಹೊರಗೆ ಬಂದಿದ್ದರು, ತಾಯಿ ತೀರಿಕೊಂಡಾಗ. ಅದೂ ಎಷ್ಟೋ ವರ್ಷದ ಹಿಂದೆ, ಅಕ್ಕನ ಊರಿಗೆ.

ಈಗ ಲೆಕ್ಕ ಹಾಕಿ. ಅವರು ಒಳಗೆ ಹೋದಾಗ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗಿರಲಿಲ್ಲ, ಅದಾಗಿದ್ದು 2008ರಲ್ಲಿ. ಮೆಟ್ರೊ ಇರಲಿಲ್ಲ, ಅದು 2011. ಸಾವಿರ ರೂಪಾಯಿ ನೋಟು ಇತ್ತು, 2016ರಲ್ಲಿ ಹೋಯ್ತು. ಯುಪಿಐ ಶುರುವಾಗಿದ್ದೂ ಅದೇ ವರ್ಷ. ಬಳ್ಳಾರಿ ರಸ್ತೆ ಅನ್ನೋದು ಆಗ ರಸ್ತೆ ಥರ ಇತ್ತು.

ಬಿಡುಗಡೆ ದಿನ ಪರಪ್ಪನ ಅಗ್ರಹಾರದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಇನ್ನೊಂದು ಬಸ್ಸು. 'ಕೊಡಿಗೇಹಳ್ಳಿ ಗೇಟ್ ಇಳೀರಿ ಅಂದ ಕಂಡಕ್ಟರು. ಇದು ನಮ್ಮೂರಲ್ಲ ಅಂತ ನಾನು ಅವನ ಹತ್ರ ಜಗಳ ಆಡಿದೆ ಸಾರ್. ಇಡೀ ಬಸ್ಸು ನಕ್ತು.' ಇಳಿದರು. ಬಾಯಾರಿಕೆ. ಅಂಗಡಿಯಲ್ಲಿ ಮಜ್ಜಿಗೆ ಕೇಳಿ ನೂರು ರೂಪಾಯಿ ಕೊಟ್ಟರೆ ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ ಅಂದ. 'ಕಪ್ಪು ಬಿಳಿ ಚೌಕ ತೋರಿಸ್ದ. ಏನೋ ರಂಗೋಲಿ ಅಂದ್ಕೊಂಡೆ.' ಆಮೇಲೆ ರಸ್ತೆ. ನಲವತ್ತು ನಿಮಿಷ ರಸ್ತೆ ಬದಿಯಲ್ಲೇ ನಿಂತಿದ್ದರಂತೆ. ವಾಹನಕ್ಕೆ ಹೆದರಿದ್ರಾ ಅಂದೆ. 'ಅದೂ ಹೌದು. ಆದ್ರೆ ಒಳಗೆ ಹದಿನಾರು ವರ್ಷ, ಯಾರಾದ್ರೂ ಹೋಗು ಅಂದ್ರೆ ಹೋಗ್ಬೇಕು, ನಿಲ್ಲು ಅಂದ್ರೆ ನಿಲ್ಬೇಕು. ಇಲ್ಲಿ ಯಾರೂ ಹೋಗು ಅನ್ನಲಿಲ್ಲ.'

ನಾನು ಕೇಳಿದೆ: ಒಳಗೆ ಟಿವಿ ಇರುತ್ತಲ್ಲ, ಇದೆಲ್ಲಾ ನೋಡಿರಲಿಲ್ವಾ? 'ನೋಡಿದ್ದೆ ಸಾರ್. ಟಿವೀಲಿ ನೋಡೋದು ಬೇರೆ. ಮಧ್ಯದಲ್ಲಿ ನಿಂತ್ಕೊಳ್ಳೋದು ಬೇರೆ.'

ಟಿವಿಯವನಾದ ನನಗೇ ಈ ಮಾತು ಹೇಳಿದ್ದು. ಪೂರ್ತಿ ನಿಜ ಅದು. ಇವತ್ತಿನ ವಿಷಯವೂ ಅದೇ. ಒಬ್ಬ ಮನುಷ್ಯನನ್ನ ಜೈಲಿನ ಒಳಗೆ ಕೂರಿಸಿಕೊಂಡೇ ಹೊರಗಿನ ಪ್ರಪಂಚದ ಮಧ್ಯದಲ್ಲಿ ನಿಲ್ಲಿಸೋಕೆ ಆಗುತ್ತಾ?

ಆಗುತ್ತೆ ಅಂತಾರೆ ಕೆಲವರು. ವರ್ಚುವಲ್ ರಿಯಾಲಿಟಿ. ಕಣ್ಣಿಗೆ ಕಟ್ಟಿಕೊಳ್ಳೋ ಒಂದು ದಪ್ಪ ಕನ್ನಡಕ. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ. ನೀವು ತಲೆ ತಿರುಗಿಸಿದ ಕಡೆ ಚಿತ್ರವೂ ತಿರುಗುತ್ತೆ. ಹಿಂದೆ ನೋಡಿದರೆ ಹಿಂದಿನದು, ಮೇಲೆ ನೋಡಿದರೆ ಆಕಾಶ. ನೀವು ಕೂತಿರೋದು ಕುರ್ಚಿ ಮೇಲೆ ಅಂತ ಬುದ್ಧಿಗೆ ಗೊತ್ತು, ಮೈಗೆ ಗೊತ್ತಾಗಲ್ಲ. ಅಂಚಿಗೆ ನಿಲ್ಲಿಸಿದರೆ ಕಾಲು ನಡುಗುತ್ತೆ. ಮಾಲ್‌ಗಳಲ್ಲಿ ಮಕ್ಕಳು ಇದನ್ನ ಹಾಕ್ಕೊಂಡು ಕಿರುಚೋದು ನೋಡಿರ್ತೀರಿ.

ಅಮೆರಿಕದ ಕೊಲರಾಡೊ ರಾಜ್ಯ 2017ರಲ್ಲಿ ಇದನ್ನ ಜೈಲಿಗೆ ತಂತು. ಯಾಕೆ ಗೊತ್ತಾ? ಅಲ್ಲಿ ಹದಿನಾರು ಹದಿನೇಳು ವಯಸ್ಸಿಗೇ ಒಳಗೆ ಹೋಗಿ, ಸಾಯೋವರೆಗೂ ಹೊರಗೆ ಬರೋ ಹಾಗಿಲ್ಲ ಅಂತ ಶಿಕ್ಷೆ ಆದವರಿದ್ದರು. ಅಪ್ರಾಪ್ತರಿಗೆ ಅಂಥ ಶಿಕ್ಷೆಯನ್ನ ಕಡ್ಡಾಯವಾಗಿ ಕೊಡಬಾರದು ಅಂತ 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಹಳಬರಿಗೂ ಅದು ಅನ್ವಯ ಅಂತ 2016ರಲ್ಲಿ ಹೇಳಿತು. ಸರಿ, ಇವರು ಹೊರಗೆ ಬರಬಹುದು. ಬಂದು ಮಾಡೋದೇನು? ಇಪ್ಪತ್ತು ಮೂವತ್ತು ವರ್ಷ ಅಂಗಡಿ ಮೆಟ್ಟಿಲು ಹತ್ತಿಲ್ಲ, ಒಂದು ಬಟ್ಟೆ ತಾವಾಗಿ ಒಗೆದಿಲ್ಲ. ಅವರಿಗೆ ಕನ್ನಡಕ ಹಾಕಿ ಅಂಗಡಿಯಲ್ಲಿ ಸಾಮಾನು ತಗೊಳ್ಳೋದು, ತಾವೇ ಸ್ಕ್ಯಾನ್ ಮಾಡಿ ಬಿಲ್ ಕೊಡೋದು, ವಾಷಿಂಗ್ ಮೆಷಿನ್ ಹಾಕೋದು, ಜನರ ಮಧ್ಯೆ ನಡೆಯೋದು ಅಭ್ಯಾಸ ಮಾಡಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಏಕಾಂತ ಸೆರೆಯಲ್ಲಿ ಇರೋರಿಗೆ ಪ್ಯಾರಿಸ್ ಬೀದಿ ತೋರಿಸಿದ್ದೂ ಇದೆ.

ನನಗೆ ತಕ್ಷಣ ಕಂಡಿದ್ದು ಕೊಡಿಗೇಹಳ್ಳಿ ಗೇಟ್‌ನಲ್ಲಿ ನಲವತ್ತು ನಿಮಿಷ ನಿಂತ ಮನುಷ್ಯ.

ನಮ್ಮ ಚಾನೆಲ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಒಂದು ವಿಆರ್ ಹೆಡ್‌ಸೆಟ್ ಧೂಳು ತಿಂತಾ ಬಿದ್ದಿತ್ತು. ಚುನಾವಣೆ ಫಲಿತಾಂಶದ ದಿನ ಏನೋ ಅದ್ಭುತ ಮಾಡ್ತೀವಿ ಅಂತ ತಂದಿದ್ದು, ಏನೂ ಮಾಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅದನ್ನ ತಗೊಂಡು ಹೋದೆ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವರನ್ನ ಬೆಂಚಿನ ಮೇಲೆ ಕೂರಿಸಿ ಹಾಕಿದೆ. ಯಾವುದೋ ವಿದೇಶದ ಪೇಟೆ ಬೀದಿ, ಜನ ಓಡಾಡ್ತಾರೆ, ಟ್ರಾಮ್ ಬರುತ್ತೆ. ಮೊದಲು ಬೆಂಚು ಗಟ್ಟಿಯಾಗಿ ಹಿಡ್ಕೊಂಡರು. ಆಮೇಲೆ ಕೈ ಬಿಟ್ಟರು. ತಲೆ ಆ ಕಡೆ ಈ ಕಡೆ ತಿರುಗಿಸಿದರು. ಸ್ವಲ್ಪ ನಕ್ಕರು. ಐದು ನಿಮಿಷ ಆದಮೇಲೆ ತೆಗೆದರು.

ಹೇಗಿತ್ತು ಅಂದೆ.

'ಚೆನ್ನಾಗೈತೆ ಸಾರ್. ರಸ್ತೆ ದಾಟೋಕೆ ಇದು ಸಾಕು. ಆದ್ರೆ ಇದ್ರಲ್ಲಿ ಯಾರೂ ನನ್ನ ನೋಡ್ತಿಲ್ಲ.'

ನನಗೆ ಅರ್ಥ ಆಗಲಿಲ್ಲ. ಯಾರೂ ನೋಡದಿದ್ರೆ ಒಳ್ಳೇದಲ್ವಾ ಅಂದೆ. ಅವರು ಬಿಡಿಸಿ ಹೇಳಿದರು. ಮನೆ ಬಾಡಿಗೆಗೆ ಕೇಳೋಕೆ ಹೋದರೆ ಮಾಲೀಕರು ಕೇಳೋ ಮೊದಲ ಪ್ರಶ್ನೆ, ಇಷ್ಟು ದಿನ ಎಲ್ಲಿದ್ರಿ. ಕೆಲಸ ಕೇಳೋಕೆ ಹೋದರೆ, ಮುಂಚೆ ಎಲ್ಲಿ ಕೆಲಸ ಮಾಡ್ತಿದ್ರಿ. ಉತ್ತರ ಹೇಳಿದ ಕ್ಷಣದಲ್ಲಿ ಎದುರಿಗಿರೋರ ಕಣ್ಣು ಬದಲಾಗುತ್ತೆ. ಆ ಕಣ್ಣು ಕನ್ನಡಕದಲ್ಲಿ ಇರಲಿಲ್ಲ. ಈ ಟೀ ಅಂಗಡಿ ಅವರ ಅಕ್ಕನ ಮಗಂದು, ಅದಕ್ಕೆ ಇದೊಂದು ಆಯ್ತು. ಇಲ್ಲದಿದ್ದರೆ? ಬೇಕರಿ ಕೆಲಸ ಅವರು ಒಳಗೇ ಕಲಿತು ಬಂದವರು. ಚೆನ್ನಾಗಿ ಕಲಿತಿದ್ದಾರೆ, ಅವರು ಮಾಡೋ ಬೆಣ್ಣೆ ಬಿಸ್ಕತ್ತು ನಾನು ತಿಂದಿದ್ದೇನೆ. ಮೂರು ಬೇಕರಿಯಲ್ಲಿ ಕೇಳಿದ್ದರು. ಮೂರರಲ್ಲೂ ಫೋನ್ ಮಾಡ್ತೀವಿ ಅಂದರು.

ಈಗ ನಿಮ್ಮಲ್ಲಿ ಕೆಲವರು ಮನೆಯಲ್ಲಿ ಕೂತು ಬಯ್ಯೋಕೆ ಶುರು ಮಾಡಿರ್ತೀರಿ. ಗೊತ್ತು ನನಗೆ. 'ಏನ್ರೀ ಇದು, ಕೊಲೆಗಾರನಿಗೆ ಕನ್ನಡಕ, ಕೊಲೆಗಾರನಿಗೆ ಕೆಲಸ. ಸತ್ತವನ ಹೆಂಡತಿಗೆ ಏನು ಕೊಟ್ರಿ?' ಈ ಪ್ರಶ್ನೆ ತಪ್ಪಲ್ಲ. ಜೈಲು ಸುಧಾರಣೆ ಬಗ್ಗೆ ಮಾತಾಡೋರು ಇದನ್ನ ಹಾರಿಸಿಬಿಡ್ತಾರೆ, ನಾನು ಹಾರಿಸಲ್ಲ. ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011 ಅಂತ ಒಂದಿದೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅರ್ಜಿ ಹಾಕಬಹುದು. ನಿಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತು? ನಾವೇ ಎಷ್ಟು ಸಲ ಹೇಳಿದ್ದೀವಿ? ಆದರೆ ಆ ಹೆಣ್ಣುಮಗಳಿಗೆ ಪರಿಹಾರ ಸಿಗದೇ ಇರೋದಕ್ಕೂ, ಈ ಮನುಷ್ಯನಿಗೆ ಬೇಕರಿ ಕೆಲಸ ಸಿಗದೇ ಇರೋದಕ್ಕೂ ಸಂಬಂಧ ಇಲ್ಲ. ಒಂದನ್ನ ತಪ್ಪಿಸಿದರೆ ಇನ್ನೊಂದು ಬರಲ್ಲ.

ಆ ಹೆಣ್ಣುಮಗಳು ಈಗಲೂ ಅದೇ ಬಡಾವಣೆಯಲ್ಲಿದ್ದಾರೆ. ಇವರು ಆ ಬೀದಿಗೆ ಹೋಗಲ್ಲ. ಹಾಲು ತರೋಕೂ ಒಂದು ಸುತ್ತು ಹಾಕಿ ಹೋಗ್ತಾರೆ.

ಇಲ್ಲೇ ಆ ಕನ್ನಡಕದ ಇನ್ನೊಂದು ಉಪಯೋಗ ಹೇಳಬೇಕು. ಸ್ಪೇನಿನ ಬಾರ್ಸಿಲೋನಾದಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು, 2018ರಲ್ಲಿ ಪ್ರಕಟವಾಯ್ತು. ಹೆಂಡತಿಗೆ, ಸಂಗಾತಿಗೆ ಹೊಡೆದು ಶಿಕ್ಷೆಯಾದ 20 ಗಂಡಸರು. ಕನ್ನಡಕ ಹಾಕಿದರು. ಒಳಗೆ ಒಂದು ಕನ್ನಡಿ ಇದೆ. ಕನ್ನಡಿಯಲ್ಲಿ ನೋಡಿದರೆ ಕಾಣೋದು ಹೆಂಗಸಿನ ದೇಹ. ಕೈ ಎತ್ತಿದರೆ ಅವಳು ಕೈ ಎತ್ತುತ್ತಾಳೆ. ಆಮೇಲೆ ಆ ಕೋಣೆಗೆ ಒಬ್ಬ ಗಂಡಸು ಬರ್ತಾನೆ. ಬಯ್ತಾನೆ, ಫೋನ್ ಎತ್ತಿ ಎಸೀತಾನೆ, ಹತ್ತಿರ ಹತ್ತಿರ ಬರ್ತಾನೆ. ಈ ಗಂಡಸರಿಗೆ ಪ್ರಯೋಗಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿದ್ದರು, ಹೆಂಗಸರ ಮುಖದ ಚಿತ್ರ ತೋರಿಸಿ ಇದು ಯಾವ ಭಾವ ಅಂತ ಕೇಳಿದ್ದರು. ಹೆದರಿದ ಹೆಣ್ಣಿನ ಮುಖವನ್ನ ಅವರು ಸರಿಯಾಗಿ ಗುರುತಿಸ್ತಿರಲಿಲ್ಲ. ಎಷ್ಟೋ ಸಲ, ಖುಷಿಯಾಗಿದ್ದಾಳೆ ಅಂತಿದ್ದರು! ಯೋಚನೆ ಮಾಡಿ. ಎದುರಿಗಿರೋ ಹೆಂಗಸು ನಡುಗ್ತಿದ್ದಾಳೆ, ಇವನ ಕಣ್ಣಿಗೆ ಅವಳು ಖುಷಿಯಲ್ಲಿದ್ದಾಳೆ. ಅವಳ ಮೈಯೊಳಗೆ ನಿಂತು ಬಂದ ಮೇಲೆ, ಅದನ್ನ ಗುರುತಿಸೋದು ಸುಧಾರಿಸಿತು.

ಹಾಗಂತ ಅವರು ಮನೆಗೆ ಹೋಗಿ ಹೊಡೆಯೋದು ಬಿಟ್ಟರು ಅಂತ ಆ ಪ್ರಯೋಗ ಹೇಳಲ್ಲ. ಅದು ಅಳೆದಿದ್ದು ಮುಖ ಗುರುತಿಸೋದನ್ನ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ 'ಕನ್ನಡಕ ಹಾಕಿದರೆ ಕ್ರಿಮಿನಲ್ ಸಾಧು ಆಗ್ತಾನೆ' ಅಂತ ಕಳಿಸಿದರೆ ನಂಬಬೇಡಿ.

ನಮಗೆ ಇದೇನು ಹೊಸದಲ್ಲ. ಪರಕಾಯ ಪ್ರವೇಶ ಅಂತ ನಮ್ಮ ಅಜ್ಜಿಯರು ಹೇಳ್ತಿರಲಿಲ್ವಾ? ಶಂಕರಾಚಾರ್ಯರು ಅಮರುಕ ರಾಜನ ದೇಹಕ್ಕೆ ಹೋದ ಕತೆ. ಇನ್ನೊಬ್ಬರ ಮೈಯಲ್ಲಿ ಇರದೆ ಇನ್ನೊಬ್ಬರ ಬದುಕು ತಿಳಿಯಲ್ಲ ಅನ್ನೋದು ಆ ಕತೆಯಲ್ಲೇ ಇದೆ. ನಾನು ಟೀ ಅಂಗಡಿಯವರಿಗೆ ಬಾರ್ಸಿಲೋನಾ ವಿಷಯ ಹೇಳಿದೆ. ನಿಮಗೆ ಅಂಥದ್ದು ಸಿಕ್ಕಿದ್ದರೆ, ಆವತ್ತು ಆ ಮನುಷ್ಯನ ಜಾಗದಲ್ಲಿ ನಿಂತು ನೋಡಿದ್ದರೆ ಅಂತ ಕೇಳಿದೆ. ಕೇಳಬಾರದಿತ್ತು ಅಂತ ಆಮೇಲೆ ಅನ್ನಿಸ್ತು. ಅವರು ಒಲೆ ಸಣ್ಣ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. 'ಅದು ಆವತ್ತು ಮಧ್ಯಾಹ್ನ ಬೇಕಿತ್ತು ಸಾರ್. ಸಂಜೆ ಆದಮೇಲೆ ಏನ್ ತೋರಿಸ್ತೀರಿ.'

ನಮ್ಮ ರಾಜ್ಯದಲ್ಲೇ ಕನ್ನಡಕ ಇಲ್ಲದೆ ಪರಕಾಯ ಪ್ರವೇಶ ಮಾಡಿಸಿದವರು ಒಬ್ಬರಿದ್ದಾರೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿ. 1990ರ ದಶಕದ ಕೊನೆಯಲ್ಲಿ ಬಳ್ಳಾರಿ ಜೈಲಿನ ಕೈದಿಗಳನ್ನ ಕಟ್ಟಿಕೊಂಡು ನಾಟಕ ಮಾಡಿಸೋಕೆ ಹೊರಟರು. ಆಮೇಲೆ ಮೈಸೂರು ಜೈಲು. ಮ್ಯಾಕ್‌ಬೆತ್ ನಾಟಕ ಇಟ್ಟುಕೊಂಡು ಎಚ್.ಎಸ್. ಶಿವಪ್ರಕಾಶ್ ಬರೆದ 'ಮಾರನಾಯಕ'ವನ್ನ ಕೈದಿಗಳ ಕೈಲಿ ಆಡಿಸಿದರು. ಮ್ಯಾಕ್‌ಬೆತ್ ಏನು? ಕೊಲೆ ಮಾಡಿ ನಿದ್ದೆ ಕಳಕೊಂಡವನ ಕತೆ. ಅದನ್ನ ಆಡಿದ್ದು ಯಾರು? ಕೊಲೆ ಕೇಸಿನಲ್ಲಿ ಜೀವಾವಧಿ ಇದ್ದವರೂ ಅದರಲ್ಲಿದ್ದರು. ಈ ಕೈದಿಗಳು ಜೈಲಿನ ಗೋಡೆ ದಾಟಿ ಊರಿನ ರಂಗಮಂದಿರಗಳಲ್ಲಿ ನಾಟಕ ಆಡಿದರು. ಜನ ಟಿಕೆಟ್ ತಗೊಂಡು ಎದುರಿಗೆ ಕೂತು ನೋಡಿದರು.

ನೋಡಿದರು ಅನ್ನೋ ಮಾತಿಗೆ ನಾನು ಒತ್ತು ಕೊಡ್ತಿದ್ದೇನೆ. ಟೀ ಅಂಗಡಿಯವರು ಹೇಳಿದ ಕೊರತೆ ಇದೇ ತಾನೆ? ಕನ್ನಡಕದೊಳಗೆ ಕೈದಿ ಪ್ರಪಂಚ ನೋಡ್ತಾನೆ, ಪ್ರಪಂಚ ಅವನನ್ನ ನೋಡಲ್ಲ. ರಂಗದ ಮೇಲೆ ಅವನನ್ನ ನೂರಾರು ಕಣ್ಣು ನೋಡ್ತವೆ, ಕೊನೆಗೆ ಚಪ್ಪಾಳೆ ತಟ್ಟುತ್ತವೆ, ಆಮೇಲೆ ಅವನು ವ್ಯಾನ್ ಹತ್ತಿ ಜೈಲಿಗೆ ವಾಪಸ್ ಹೋಗ್ತಾನೆ. ಅದರಿಂದ ಎಲ್ಲರೂ ಬದಲಾದರು ಅಂತ ನಾನು ಹೇಳಲ್ಲ. ಆದರೆ ಬಣ್ಣ ಹಚ್ಚಿಕೊಂಡು ಹೊರಗೆ ಬಂದು, ಇನ್ನೊಬ್ಬರ ಕಣ್ಣಿಗೆ ಕಣ್ಣು ಕೊಟ್ಟು, ಮಾತು ಮರೆಯದೆ ನಿಂತ ಮನುಷ್ಯನಿಗೆ ಬಾಡಿಗೆ ಮನೆ ಮಾಲೀಕನ ಮುಂದೆ ನಿಲ್ಲೋದು ಸ್ವಲ್ಪ ಸುಲಭ ಆಗಿರುತ್ತೆ ಅಂತ ನಂಬ್ತೀನಿ.

ಹಾಗಾದರೆ ಕನ್ನಡಕ ಬೇಡವಾ? ಬೇಕು. ಕಾರಣ ನಿಮ್ಹಾನ್ಸ್‌ನವರ ಅಂಕಿಯಲ್ಲಿದೆ. ಬೆಂಗಳೂರು ಕೇಂದ್ರ ಕಾರಾಗೃಹದ 5,024 ಕೈದಿಗಳನ್ನ ಅವರು ಪರೀಕ್ಷೆ ಮಾಡಿದ್ದರು, 2011ರಲ್ಲಿ ವರದಿ ಬಂತು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು, ಕುಡಿತ, ತಂಬಾಕಿನ ಸಮಸ್ಯೆ, ಎರಡರಲ್ಲಿ ಒಂದಾದರೂ ಇದ್ದವರು 79.6 ಪರ್ಸೆಂಟ್. ಆ ಚಟದ ಲೆಕ್ಕ ಬಿಟ್ಟರೂ, ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ. ಇಷ್ಟು ಜನಕ್ಕೆ ಒಬ್ಬೊಬ್ಬರಿಗೂ ಕೂತು ಮಾತಾಡೋ ಆಪ್ತಸಮಾಲೋಚಕರನ್ನ ಎಲ್ಲಿಂದ ತರ್ತೀರಿ? ಒಂದು ಒಳ್ಳೇ ಮೊಬೈಲ್ ಬೆಲೆಗೆ ಸಿಗೋ ಯಂತ್ರ ಅವರ ಕೆಲಸದಲ್ಲಿ ಸ್ವಲ್ಪ ಹಗುರ ಮಾಡುತ್ತೆ ಅಂದರೆ ಬೇಡ ಅನ್ನೋಕೆ ನಾನ್ಯಾರು.

ಆದರೆ ನನಗೊಂದು ಭಯ ಇದೆ. ಜೈಲಿಗೆ ಯಂತ್ರ ಬಂದಾಗ ಮನುಷ್ಯ ಹಿಂದೆ ಸರಿಯೋದನ್ನ ನಾವು ಒಂದು ಸಲ ನೋಡಿದ್ದೇವೆ. ವಿಡಿಯೊ ಕಾನ್ಫರೆನ್ಸ್ ಬಂತು. ಒಳ್ಳೇದೇ, ಪ್ರತಿ ವಾಯಿದೆಗೂ ವ್ಯಾನ್ ಬೇಡ, ಬೆಂಗಾವಲು ಪೊಲೀಸರು ಬೇಡ, ಕೈದಿಗೆ ಟ್ರಾಫಿಕ್‌ನಲ್ಲಿ ಬೇಯೋದು ತಪ್ಪಿತು. ಆದರೆ ಕೋರ್ಟ್ ಆವರಣದಲ್ಲಿ ವ್ಯಾನ್ ಇಳಿಯುವಾಗ ಎರಡು ನಿಮಿಷ ಮಗನ ಮುಖ ನೋಡೋಕೆ ಬೆಳಗ್ಗೆಯಿಂದ ಕಾಯ್ತಿದ್ದ ತಾಯಿ? ವಕೀಲರ ಕಿವಿಯಲ್ಲಿ ಒಂದು ಮಾತು ಹೇಳ್ತಿದ್ದ ಆರೋಪಿ? ಅವರ ಆ ಎರಡು ನಿಮಿಷ ಹೋಯ್ತು, ಯಾರ ಲೆಕ್ಕಕ್ಕೂ ಬರಲಿಲ್ಲ. ನಾಳೆ ಕನ್ನಡಕ ಬಂದರೆ 'ಕಬ್ಬನ್ ಪಾರ್ಕ್ ತೋರಿಸ್ತಿದ್ದೀವಲ್ಲ, ಪೆರೋಲ್ ಯಾಕೆ' ಅಂತ ಯಾರಾದರೂ ಕೇಳಬಹುದು. ನಗಬೇಡಿ. ಕೇಳ್ತಾರೆ.

ಇನ್ನೊಂದು ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಜಾಗ ಇದ್ದದ್ದು 4,36,266 ಜನಕ್ಕೆ. ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಕೊಟ್ಟ ಲೆಕ್ಕ. ಅದರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅಂದರೆ ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾವ ಕೋರ್ಟೂ ಹೇಳಿಲ್ಲ. ಜಾಮೀನು ಸಿಕ್ಕಿಯೂ ಶ್ಯೂರಿಟಿ ಕೊಡೋರಿಲ್ಲದೆ ಒಳಗೇ ಇರೋರು ಇದ್ದಾರೆ. ಅವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂತು, ವಿಚಾರಣಾಧೀನ ಬಡ ಕೈದಿಗೆ 40 ಸಾವಿರ ರೂಪಾಯಿವರೆಗೆ ಜಾಮೀನು ಹಣ ಸರ್ಕಾರವೇ ಕಟ್ಟುತ್ತೆ ಅಂತ ಆಗ ಅದರಲ್ಲಿತ್ತು. ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಮೊದಲ ಸಲ ಆರೋಪಿ ಆದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಿ ಅನ್ನುತ್ತೆ. ಮರಣದಂಡನೆ, ಜೀವಾವಧಿ ಆಗಬಹುದಾದ ಕೇಸುಗಳು ಇದರಲ್ಲಿ ಬರಲ್ಲ. ಹಳೇ ಕೇಸಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಆದೇಶ ಮಾಡಿತು. ಗಮನಿಸಿ, ಆ ಫೋಟೊ ಬಂದ ತಿಂಗಳೇ. ನಾವು ಯಾವುದನ್ನ ಎಷ್ಟು ಗಂಟೆ ತೋರಿಸಿದ್ವಿ? ಫೋಟೊ ಮೇಲೆ ನಾನೊಬ್ಬನೇ ಮೂರು ಸಂಜೆ ಕೂತಿದ್ದೆ. ಆದೇಶ ಕೆಳಗಡೆ ಪಟ್ಟಿಯಲ್ಲಿ ಓಡಿಹೋಯ್ತು. ಕೋರ್ಟು ಬಾಗಿಲು ತೆಗೀರಿ ಅಂದವರಿಗೆ ಕನ್ನಡಕ ಯಾಕೆ ಬೇಕು? ಬಾಗಿಲು ತೆಗೆದರೆ ಸಾಕು.

ಕನ್ನಡಕ ಬೇಕಿರೋದು ಹದಿನಾರು ವರ್ಷ ಇದ್ದು ಹೊರಗೆ ಬರೋರಿಗೆ. ಅವರಿಗೆ ಕೊಲರಾಡೊದ ಅಂಗಡಿ ತೋರಿಸಿ ಪ್ರಯೋಜನ ಇಲ್ಲ. ಬಿಎಂಟಿಸಿ ಬಸ್ಸು ಬೇಕು, ಮೆಟ್ರೊ ಗೇಟ್ ಬೇಕು, ಕ್ಯೂಆರ್ ಕೋಡ್ ಬೇಕು, ಕಪ್ಪು ಬಿಳಿ ರಂಗೋಲಿ. ಕನ್ನಡದಲ್ಲಿ ಮಾತಾಡೋ ಮನೆ ಮಾಲೀಕ ಬೇಕು, ಇಷ್ಟು ದಿನ ಎಲ್ಲಿದ್ರಿ ಅಂತ ಕಣ್ಣು ಕಿರಿದು ಮಾಡಿ ಕೇಳೋನು. ಅದನ್ನ ಮಾಡೋರು ಎಲ್ಲಿದ್ದಾರೆ ಅಂತ ಹುಡುಕೋದು ಬೇಡ. ಮಾನ್ಯತಾ ಟೆಕ್ ಪಾರ್ಕ್ ಈ ಅಂಗಡಿಯಿಂದ ಕೆಲವೇ ಕಿಲೋಮೀಟರ್. ಅಲ್ಲಿ ಕೆಲಸ ಮಾಡೋ ಇಬ್ಬರು ಹುಡುಗರು ದಿನಾ ಇಲ್ಲೇ ಟೀ ಕುಡೀತಾರೆ. ಅದರಲ್ಲೊಬ್ಬ ಗೇಮ್ ಮಾಡೋನು. ನಾನು ಹೆಡ್‌ಸೆಟ್ ತಂದ ಭಾನುವಾರದ ವಿಷಯ ಕೇಳಿ, 'ಸರ್, ಸುತ್ತಲೂ ಶೂಟ್ ಮಾಡೋ ಕ್ಯಾಮೆರಾ ನನ್ನ ಹತ್ರಾನೇ ಇದೆ, ಈ ಗೇಟನ್ನೇ ಶೂಟ್ ಮಾಡೋಣ' ಅಂದ. ಎರಡು ವಾರ ಆಯ್ತು, ಮಳೆ ಅಂತ ಮುಂದಕ್ಕೆ ಹಾಕ್ತಿದ್ದಾನೆ. ಕಾರಾಗೃಹ ಇಲಾಖೆಯವರು ಯಾರಾದರೂ ಇದನ್ನ ನೋಡ್ತಿದ್ದರೆ, ಆ ಹುಡುಗನ ನಂಬರ್ ನಾನು ಕೊಡ್ತೀನಿ.

ಟೀ ಅಂಗಡಿಯವರನ್ನ ಸ್ಟುಡಿಯೊಗೆ ಕರೆದೆ. ಮುಖ ಮಬ್ಬು ಮಾಡಿ ತೋರಿಸ್ತೀವಿ ಅಂದೆ. ಬೇಡ ಸಾರ್ ಅಂದರು. ಅಕ್ಕನ ಮೊಮ್ಮಗಳಿಗೆ ಗಂಡು ನೋಡ್ತಿದ್ದಾರಂತೆ, ಮುಂದಿನ ಭಾನುವಾರ ಗಂಡಿನ ಕಡೆಯವರು ಬರ್ತಾರೆ. ಅವತ್ತು ತಾನು ಮನೆಯಲ್ಲಿ ಇರಲ್ಲ, ಅಂಗಡಿ ತೆಗೆದಿರ್ತೀನಿ ಅಂದರು. ಅದಕ್ಕೇ ನಾನು ಹೆಸರು ಹೇಳಿಲ್ಲ, ಅಂಗಡಿ ಎಲ್ಲಿ ಅಂತಲೂ ಹೇಳಲ್ಲ. ಕೊಡಿಗೇಹಳ್ಳಿ ಗೇಟ್ ಹತ್ತಿರ ಟೀ ಅಂಗಡಿ ಬೇಕಾದಷ್ಟಿವೆ.